ಆರನೆಯ ವರ್ಷದ ಕಣ್ಣು, ಹಲ್ಲು

ಎರಡನೆಯ ತರಗತಿಯ ಹುಡುಗ. ಓದಿನಲ್ಲಿ ಚುರುಕು, ಆಟದಲ್ಲೂ ಮುಂದು. ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದಾಗ ಅವನ ಬಲಗಣ್ಣು ಮುಚ್ಚಿಸಿದರೆ ಫಲಕದ ಮೇಲಿನ ದೊಡ್ಡ ಅಕ್ಷರವೂ ಅವನಿಗೆ ಕಾಣಲಿಲ್ಲ. 'ಒಂದು ದಿನವೂ ಕಣ್ಣು ಕಾಣಿಸುವುದಿಲ್ಲ ಅಂದವನಲ್ಲವಲ್ಲ!' ಎಂದು ತಾಯಿ ಕಂಗಾಲಾದರು.

ನೇತ್ರತಜ್ಞರಿಗೆ ಈ ಮಾತು ಹೊಸದಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮಗುವಿನ ಕೆಲಸವೆಲ್ಲ ನಡೆದುಹೋಗುತ್ತದೆ. ಎಲ್ಲರಿಗೂ ಕಾಣುವುದೇ ಹೀಗೆ ಎಂದು ಅದು ತಿಳಿದಿರುತ್ತದೆ. ಹಾಗಾಗಿ ದೂರು ಹೇಳುವುದೇ ಇಲ್ಲ.

ಇದೇ 'ಸೋಮಾರಿ ಕಣ್ಣು'. ಒಂದು ಕಣ್ಣಿಗೆ ಹೆಚ್ಚು ಪವರ್ ಇದ್ದರೆ, ಮೆಳ್ಳೆಗಣ್ಣಾಗಿದ್ದರೆ ಅಥವಾ ಹುಟ್ಟಿನಿಂದಲೇ ಪೊರೆ ಇದ್ದರೆ ಆ ಕಣ್ಣು ಕಳಿಸುವ ಚಿತ್ರವನ್ನು ಮಿದುಳು ಕ್ರಮೇಣ ಕಡೆಗಣಿಸುತ್ತದೆ. ಕಾರಣಕ್ಕೆ ತಕ್ಕಂತೆ ಕನ್ನಡಕ ಅಥವಾ ಶಸ್ತ್ರಚಿಕಿತ್ಸೆ, ಜೊತೆಗೆ ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಡುವುದು ಇದರ ಚಿಕಿತ್ಸೆ. ಏಳೆಂಟು ವರ್ಷದೊಳಗೆ ಆರಂಭಿಸಿದರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಸುಮ್ಮನಿರುವುದು ಮಗುವಿಗೆ ಮಾಡುವ ಅನ್ಯಾಯ.

ಇದೇ ವಯಸ್ಸಿನಲ್ಲಿ ಬಾಯಿಯಲ್ಲೂ ಸದ್ದಿಲ್ಲದೆ ಒಂದು ಘಟನೆ ನಡೆಯುತ್ತದೆ. ಸುಮಾರು ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಮೇಲೆ ಎರಡು, ಕೆಳಗೆ ಎರಡು ದವಡೆ ಹಲ್ಲು ಹುಟ್ಟುತ್ತವೆ. ಇವುಗಳಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಆದ್ದರಿಂದ ತಂದೆತಾಯಿಯರು ಇವನ್ನೂ ಹಾಲುಹಲ್ಲೆಂದೇ ಭಾವಿಸಿ, 'ಹುಳುಕಾದರೇನು, ಬಿದ್ದು ಹೊಸದು ಬರುತ್ತದೆ' ಎನ್ನುತ್ತಾರೆ. ವಾಸ್ತವವಾಗಿ ಇವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬರುವುದಿಲ್ಲ. ಇವುಗಳ ಮೇಲ್ಭಾಗದ ಆಳವಾದ ಗೆರೆಗಳಲ್ಲಿ ತಿಂಡಿಯ ಚೂರು ನಿಲ್ಲುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕರಗಿಸುತ್ತವೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಹುಳುಕು ಆಳಕ್ಕೆ ಇಳಿದಿರುತ್ತದೆ. ಆ ಗೆರೆಗಳನ್ನು ತೆಳುವಾದ ಲೇಪದಿಂದ ಮುಚ್ಚುವ ಸುಲಭ ಉಪಾಯ ದಂತವೈದ್ಯರಲ್ಲಿದೆ. ಹಾಗೆಂದು ಹಾಲುಹಲ್ಲುಗಳ ಅಲಕ್ಷ್ಯವೂ ಸಲ್ಲದು. ಅವು ಬೇಗ ಹೋದರೆ ಪಕ್ಕದ ಹಲ್ಲುಗಳು ವಾಲಿ, ಮುಂದೆ ಬರುವ ಹಲ್ಲಿಗೆ ಜಾಗವಿಲ್ಲದಂತಾಗುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು ಬಹಳವಿದೆ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ದೂರದಿಂದ ಓದಿಸಬೇಕು. ಆಮೇಲೆ ಇನ್ನೊಂದು ಕಣ್ಣು. ಎರಡರ ನಡುವೆ ವ್ಯತ್ಯಾಸ ಕಂಡರೆ, ಅಥವಾ ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಗೋಳಾಡಿದರೆ ವೈದ್ಯರಲ್ಲಿಗೆ ಹೋಗಬೇಕು. ವ್ಯತ್ಯಾಸ ಕಾಣಲಿಲ್ಲವೆಂದು ವೈದ್ಯರ ತಪಾಸಣೆ ಬೇಡವೆಂದಲ್ಲ. ಹಾಗೆಯೇ ಬೆಳಕಿನಲ್ಲಿ ಬಾಯಿ ತೆರೆಸಿ ಹಿಂದಿನ ಹಲ್ಲುಗಳನ್ನು ನೋಡಬೇಕು. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಬೆಳಿಗ್ಗೆ ಮತ್ತು ಮಲಗುವ ಮುನ್ನ ಹಲ್ಲುಜ್ಜಿಸಬೇಕು. ಏಳೆಂಟು ವರ್ಷದವರೆಗೆ ದೊಡ್ಡವರ ಕೈ ಬ್ರಷ್ಷಿನ ಮೇಲಿರಲಿ. ಸಿಹಿಯನ್ನು ದಿನವಿಡೀ ಮೆಲ್ಲುವುದಕ್ಕಿಂತ ಊಟದ ಜೊತೆ ತಿಂದರೆ ಹಲ್ಲಿಗೆ ತೊಂದರೆ ಕಡಿಮೆ.

ಕನ್ನಡಕ ಹಾಕಿದರೆ ಪವರ್ ಏರುತ್ತದೆಂಬ ಹೆದರಿಕೆಯೂ ಬೇಡ, ಕ್ಯಾರೆಟ್ ತಿನ್ನಿಸಿದರೆ ಕನ್ನಡಕ ತಪ್ಪುತ್ತದೆಂಬ ಆಸೆಯೂ ಬೇಡ. ದಿನಕ್ಕೆ ಎರಡು ಗಂಟೆ ಬಯಲಿನ ಆಟವಾಡುವ ಮಕ್ಕಳಲ್ಲಿ ಸಮೀಪದೃಷ್ಟಿ ಬರುವ ಸಂಭವ ಕಡಿಮೆ. ಇನ್ನು ಕರಿಹಲಗೆ ಕಾಣದೆ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುವ ವಿದ್ಯಾರ್ಥಿಗಳು ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಬೇಕು.

ಖರ್ಚಿನ ಚಿಂತೆಯೂ ಅಡ್ಡಿಯಾಗಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳ ತಪಾಸಣೆಯಲ್ಲಿ ದೃಷ್ಟಿದೋಷ, ಹುಳುಕು ಹಲ್ಲು ಎರಡೂ ಸೇರಿವೆ. ತಂಡ ಶಾಲೆಗೆ ಬರುವ ದಿನ ಮಗು ತಪ್ಪದೆ ಹಾಜರಿರಲಿ.

ಆರನೆಯ ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ, ಕೇಕು ಎಲ್ಲವೂ ಇರಲಿ. ಅದೇ ವಾರ ನೇತ್ರವೈದ್ಯರ ಬಳಿ ಒಮ್ಮೆ, ದಂತವೈದ್ಯರ ಬಳಿ ಒಮ್ಮೆ ಹೋಗಿ ಬಂದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕಿಲ್ಲ.