ಬೋರಿಗೆ ನೀರಗಂಟಿ ಯಾರು?

ಊರ್ಡಿಗೆರೆ ಸುತ್ತಿನ ಹೈಸ್ಕೂಲೊಂದರಲ್ಲಿ ಚರ್ಚಾಸ್ಪರ್ಧೆ. ತೀರ್ಪುಗಾರನಾಗಿ ಹೋಗಿದ್ದೆ. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ವಿಷಯ ಬರೆದಿತ್ತು: ‘ಜಗತ್ತಿನ ಸಿಹಿನೀರಿನ ಕೊರತೆಗೆ ಜನಸಂಖ್ಯೆಯೇ ಕಾರಣ’. ಪರವಾಗಿ ಮಾತಾಡಿದವರು ಅಂಕಿಗಳನ್ನು ಚೆನ್ನಾಗಿ ಉರು ಹೊಡೆದಿದ್ದರು. ಭೂಮಿಯ ನೀರಿನಲ್ಲಿ ಶೇ 97.5ರಷ್ಟು ಉಪ್ಪು, ಉಳಿದ ಎರಡೂವರೆ ಪಾಲಿನಲ್ಲಿ ಬಹುಭಾಗ ಹಿಮ, ಮಿಕ್ಕಿದ್ದನ್ನು ಎಂಟು ನೂರು ಕೋಟಿ ಜನ ಹಂಚಿಕೊಳ್ಳಬೇಕು, ಇತ್ಯಾದಿ. ವಿರೋಧಿ ಪಕ್ಷದವರು ಕಾರ್ಖಾನೆಗಳನ್ನೂ ಹವಾಮಾನ ಬದಲಾವಣೆಯನ್ನೂ ಸರ್ಕಾರವನ್ನೂ ಸರದಿಯ ಮೇಲೆ ಕಟಕಟೆಗೆ ಹತ್ತಿಸಿದರು.

ಕೊನೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೈಯಲ್ಲಿ ಚೀಟಿಯಿಲ್ಲದೆ ಬಂದು ನಿಂತಳು. “ನಮ್ಮ ತಾತನ ಕಾಲದಲ್ಲಿ ಮನೇಲಿ ಹದಿಮೂರು ಜನ ಇದ್ರಂತೆ. ಬಾವೀಲಿ ನೀರು ಮೇಲೇ ಇರ್ತಿತ್ತಂತೆ. ಈಗ ನಾವು ನಾಲ್ಕೇ ಜನ. ಮೂರು ಬೋರು ಒಣಗವೆ. ಜನ ಕಮ್ಮಿ ಆದ್ಮೇಲೆ ನೀರು ಜಾಸ್ತಿ ಆಗ್ಬೇಕಿತ್ತಲ್ವಾ ಸಾರ್?” ಅಷ್ಟು ಹೇಳಿ ಕೂತುಬಿಟ್ಟಳು.

ಅವಳು ಕೇಳಿದ ಪ್ರಶ್ನೆಯನ್ನೇ ದೊಡ್ಡ ದೊಡ್ಡ ವಿದ್ವಾಂಸರೂ ಕೇಳಿಕೊಂಡು ಬಂದಿದ್ದಾರೆ. ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕೆನ್‌ಮಾರ್ಕ್ 1989ರ ಸುಮಾರಿಗೆ ಒಂದು ಅಳತೆಗೋಲು ಕೊಟ್ಟರು: ದೇಶದ ನೀರನ್ನು ತಲೆಗಳ ಲೆಕ್ಕದಿಂದ ಭಾಗಿಸಿ, ತಲೆಗೆ ವರ್ಷಕ್ಕೆ ಒಂದು ಸಾವಿರ ಘನಮೀಟರಿಗಿಂತ ಕಡಿಮೆ ಬಂದರೆ ಅದು ಕೊರತೆ. ತಲೆ ಹೆಚ್ಚಿದಷ್ಟೂ ನೀರು ಕಡಿಮೆ ಎಂಬ ವಾದಕ್ಕೆ ಇದು ಒಳ್ಳೆಯ ಆಧಾರವಾಯಿತು. ವಿಶ್ವಸಂಸ್ಥೆಯ 2006ರ ಮಾನವ ಅಭಿವೃದ್ಧಿ ವರದಿ ಇದನ್ನು ಒಪ್ಪಲಿಲ್ಲ. ಕೊರತೆಯ ಬೇರು ಇರುವುದು ಅಧಿಕಾರ ಮತ್ತು ಬಡತನದಲ್ಲಿ, ನೀರಿನ ಪ್ರಮಾಣದಲ್ಲಲ್ಲ ಎಂದು ಅದು ಹೇಳಿತು. ಎರಡು ಕಡೆಯವರೂ ಸುಳ್ಳು ಹೇಳುತ್ತಿಲ್ಲ. ಆದರೆ ಊರ್ಡಿಗೆರೆಯಲ್ಲಿ ನಿಂತು ನೋಡಿದರೆ ಎರಡೂ ವಾದ ಅರ್ಧರ್ಧ ಎನಿಸುತ್ತದೆ.

ಯಾಕೆಂದರೆ ಇದು ಎರಡು ನದಿಗಳ ತವರು. ಪಕ್ಕದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿದ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಕೊರಟಗೆರೆ, ಮಧುಗಿರಿ ದಾಟಿ ಪಿನಾಕಿನಿಯನ್ನು ಸೇರುತ್ತದೆ. ಶ್ರೀರಾಮ ಬಾಣ ಬಿಟ್ಟು ಚಿಮ್ಮಿಸಿದ್ದೆಂದು ಹೇಳುವ ನಾಮದ ಚಿಲುಮೆಯೂ ಇಲ್ಲೇ. ಇಂಥ ನೆಲದಲ್ಲೂ ಬೋರು ಒಣಗುತ್ತದೆಂದರೆ ಯಾರನ್ನು ಬೈಯೋಣ?

ಹಿಂದೊಮ್ಮೆ ನಮ್ಮ ಜಿಲ್ಲೆ ನೀಲಗಿರಿ ಮರವನ್ನು ಬೈದಿತ್ತು. 1983ರಲ್ಲಿ ರೈತರು ಮೆರವಣಿಗೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿ ಬಂದರು. ಆಮೇಲೆ ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ವಿಜ್ಞಾನಿ ಕರ್ನಾಟಕದಲ್ಲೇ ಅಳತೆ ಮಾಡಿ ನೋಡಿದರು. ಮೂರು ಮೀಟರ್ ಆಳದ ಮಣ್ಣಿನಲ್ಲಿ ನೀಲಗಿರಿ ಕುಡಿದದ್ದು ಅಲ್ಲಿನ ಸ್ವಾಭಾವಿಕ ಕಾಡು ಕುಡಿದಷ್ಟೇ, ಆದರೆ ರಾಗಿ ಹೊಲದ ಎರಡರಷ್ಟು. ಹೊಸಕೋಟೆಯ ಎಂಟು ಮೀಟರ್ ಆಳದ ಮಣ್ಣಿನಲ್ಲಿ ಮಾತ್ರ ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಖಾಲಿ ಮಾಡಿತ್ತು. ಅಂದರೆ ರೈತರೂ ಸರಿ, ಇಲಾಖೆಯೂ ಸರಿ. ಉತ್ತರ ಇದ್ದದ್ದು ಮಣ್ಣಿನ ಆಳದಲ್ಲಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಮೂವತ್ತನಾಲ್ಕು ವರ್ಷ ಬೇಕಾಯಿತು!

ಹುಡುಗಿಯ ಪ್ರಶ್ನೆಗೂ ಹಾಗೆ ಅಳತೆ ಮಾಡಿಯೇ ಉತ್ತರ ಹುಡುಕಬೇಕು. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ವರ್ಷಕ್ಕೆ 650 ಮಿಲಿಮೀಟರ್ ಮಳೆ ಎಂದು ಹಿಡಿಯೋಣ. ಒಂದು ಎಕರೆ ಮೇಲೆ ಬೀಳುವುದು ಸುಮಾರು 26 ಲಕ್ಷ ಲೀಟರ್. ಗಾಬರಿಯಾಗುವಷ್ಟು ನೀರು! ಆದರೆ ನಮ್ಮದು ಗಟ್ಟಿ ಕಲ್ಲಿನ ಸೀಮೆ. ಆವಿಯಾಗಿ, ಹರಿದುಹೋಗಿ, ಗಿಡ ಕುಡಿದು, ಕಲ್ಲಿನ ಬಿರುಕಿಗೆ ಇಳಿಯುವುದು ಹತ್ತರಲ್ಲಿ ಒಂದು ಪಾಲು. ಅಂದರೆ ಎರಡೂವರೆ ಲಕ್ಷ ಲೀಟರ್ ಚಿಲ್ಲರೆ.

ಈಗ ಖರ್ಚು. ತಲೆಗೆ ದಿನಕ್ಕೆ 55 ಲೀಟರಿನಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು 80 ಸಾವಿರ ಲೀಟರ್. ಹದಿಮೂರು ಜನ ಇದ್ದರೂ ಎರಡು ಲಕ್ಷ ಅರವತ್ತು ಸಾವಿರ. ಒಂದೇ ಎಕರೆಯ ಇಂಗಿದ ನೀರು ಸಾಕು. ಇನ್ನು ಅಡಿಕೆ ತೋಟ. ಎಕರೆಗೆ 550 ಮರ. ಹನಿ ನೀರಾವರಿಯಲ್ಲೇ ಕೊಟ್ಟರೂ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ದಿನಕ್ಕೆ ಹತ್ತು ಸಾವಿರ ಎಂದರೆ ಆರು ತಿಂಗಳಿಗೆ 18 ಲಕ್ಷ ಲೀಟರ್. ಕಾಲುವೆಯಲ್ಲಿ ಬಿಡುವವರ ಲೆಕ್ಕ ಇದರ ಎರಡರಷ್ಟಾದರೂ ಆದೀತು. ಒಂದು ಎಕರೆ ಅಡಿಕೆ ಬದುಕಬೇಕಾದರೆ ಏಳು ಎಕರೆಯಲ್ಲಿ ಇಂಗಿದ ನೀರು ಬೇಕು. ತಾತನ ಮನೆಯ ಹದಿಮೂರು ಬಾಯಿಗಳು ಇದರ ಮುಂದೆ ಎಲ್ಲಿಯ ಲೆಕ್ಕ? ಜಗತ್ತಿನಲ್ಲೂ ಅಷ್ಟೇ; ಮನುಷ್ಯ ಎತ್ತುವ ಸಿಹಿನೀರಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೋಗುವುದು ಬೇಸಾಯಕ್ಕೆ.

ಹಾಗಾದರೆ ಅಡಿಕೆ ಬೆಳೆಯುವವನೇ ಅಪರಾಧಿಯೇ? ನಿಧಾನಿಸಿ. ಕೆರೆಯ ಕಾಲದಲ್ಲಿ ನೀರಗಂಟಿ ಇದ್ದ. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಗದ್ದೆಗೆ ನೀರು ಬಿಡಬೇಕೆಂದು ಹಿರಿಯರು ಕೂತು ಮಾತಾಡುತ್ತಿದ್ದರು, ಅವನು ಅದರಂತೆ ತೂಬು ಎತ್ತುತ್ತಿದ್ದ. ಕೆರೆಯಲ್ಲಿ ಅನ್ಯಾಯ ನಡೆಯುತ್ತಿರಲಿಲ್ಲ ಎಂದೇನಲ್ಲ, ಬೇಕಾದಷ್ಟು ನಡೆಯುತ್ತಿತ್ತು. ಆದರೆ ಎಷ್ಟು ನೀರಿದೆ ಎನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಬೋರಿನ ನೀರು ಕಾಣುವುದಿಲ್ಲ, ಅದಕ್ಕೆ ನೀರಗಂಟಿಯೂ ಇಲ್ಲ. ನೆಲದ ಒಡೆಯನೇ ಅಡಿಯ ನೀರಿಗೂ ಒಡೆಯ ಎಂಬ ನಂಬಿಕೆಗೆ 1882ರ ಕಾನೂನಿನ ಬೆಂಬಲವಿದೆ. ಸರ್ವೆ ಕಲ್ಲು ಎಲ್ಲಿ ನೆಟ್ಟಿದೆ ಎಂದು ನೀರಿಗೆ ಗೊತ್ತೆ? ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ. ಪಕ್ಕದವನು 600 ಅಡಿ ಕೊರೆದರೆ ನಾನು 800 ಕೊರೆಯಬೇಕು. ಸುಮ್ಮನಿದ್ದರೆ ನನ್ನ ಪಾಲೂ ಅವನಿಗೆ. ಅಂತರ್ಜಲ ನಿಯಂತ್ರಣಕ್ಕೆಂದು ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಅದು ಇರುವುದು ಎಷ್ಟು ಮಂದಿಗೆ ನೆನಪಿದೆಯೋ.

ನೆಲದಡಿ ಬರಿದಾದಾಗ ಕಣ್ಣು ಹೋಗುವುದು ದೂರದ ನದಿಗೆ. ತುಮಕೂರು ನಗರ ಕುಡಿಯುವುದು ಗೊರೂರಿನಿಂದ ನಾಲೆಯಲ್ಲಿ ಬಂದ ಹೇಮಾವತಿಯನ್ನು. ಅದೇ ನೀರನ್ನು ಲಿಂಕ್ ಕಾಲುವೆಯಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆಯ ವಿರುದ್ಧ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಎರಡೂ ಕಡೆ ನಮ್ಮವರೇ, ಎರಡೂ ಕಡೆಯ ಬಾಯಾರಿಕೆಯೂ ನಿಜ. ಆದರೆ ಯಾವ ಎಕರೆಯಲ್ಲಿ ಏನು ಬೆಳೆಯಬೇಕು ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗಂತೂ ಬೀಳಲಿಲ್ಲ.

ಹುಡುಗಿಗೆ ಬಂದದ್ದು ಎರಡನೇ ಬಹುಮಾನ. ಅಂಕಿ ಅಂಶ ಸಾಲದೆಂದು ಇನ್ನೊಬ್ಬ ತೀರ್ಪುಗಾರರು ಅಂಕ ಕಳೆದಿದ್ದರು. ಕರೆದೊಯ್ಯಲು ಬೈಕಿನಲ್ಲಿ ಬಂದ ಅವಳಪ್ಪನಿಗೆ ನನ್ನ ಲೆಕ್ಕ ಹೇಳಿದೆ. ಸಮಾಧಾನದಿಂದಲೇ ಕೇಳಿಸಿಕೊಂಡರು. “ಲೆಕ್ಕ ಸರಿ ಸಾಮಿ. ರಾಗಿ ಹಾಕ್ಕೊಂಡು ಕೂತ್ರೆ ಇವಳ ಕಾಲೇಜಿಗೆ ದುಡ್ಡು ಹೊಂಚೋದು ಹೆಂಗೆ?” ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಬೈಕಿನ ಹಿಂದೆ ಕೂತಿದ್ದ ಹುಡುಗಿ ಕೇಳಿದಳು: “ಏಳು ಎಕರೆ ನೀರು ಬೇಕು ಅಂದ್ರಲ್ಲ ಸಾರ್, ಅದ್ರಲ್ಲಿ ನಮ್ದು ಒಂದೇ. ಮಿಕ್ಕಿದ ಆರು ಯಾರ್ದು?”

“ಅಕ್ಕಪಕ್ಕದೋರ್ದು ಕಣವ್ವ,” ಎಂದರು ಅಪ್ಪ, ಬೈಕಿಗೆ ಕಿಕ್ ಹೊಡೆಯುತ್ತಾ. “ಅವರೂ ಅಡಿಕೇನೇ ಹಾಕವ್ರೆ.”