ಫೀನಿಕ್ಸ್: ನೂರು ವರ್ಷದ ನೀರಿನ ಲೆಕ್ಕ

ಅಮೆರಿಕಾದ ಮರುಭೂಮಿ ನಗರ ಫೀನಿಕ್ಸ್‌ನ ಸುತ್ತಮುತ್ತ ಹೊಸ ಬಡಾವಣೆ ಎಬ್ಬಿಸಬೇಕಾದರೆ ನೂರು ವರ್ಷಕ್ಕೆ ಸಾಲುವಷ್ಟು ನೀರಿದೆ ಎಂದು ತೋರಿಸಬೇಕು. ಇದು 1980ರ ಅರಿಜೋನಾ ಅಂತರ್ಜಲ ಕಾಯಿದೆಯ ಕಟ್ಟುಪಾಡು. 2023ರ ಜೂನ್‌ನಲ್ಲಿ ರಾಜ್ಯದ ಜಲ ಇಲಾಖೆಯ ತಜ್ಞರು ಬೇರೆಯೇ ಲೆಕ್ಕ ಮುಂದಿಟ್ಟರು: ಮುಂದಿನ ನೂರು ವರ್ಷಗಳ ಅಂತರ್ಜಲ ಬೇಡಿಕೆಯಲ್ಲಿ ಸುಮಾರು ಶೇ. 4ರಷ್ಟು ಪೂರೈಸದು. ಶೇ. 4 ಸಣ್ಣದೆನಿಸಬಹುದು. ಆದರೆ ಅದು 48.6 ಲಕ್ಷ ಎಕರೆ ಭೂಮಿಯ ಮೇಲೆ ಒಂದಡಿ ನಿಲ್ಲುವಷ್ಟು ನೀರು!

ಅಂತರ್ಜಲವೊಂದನ್ನೇ ನಂಬಿದ ಹೊಸ ಬಡಾವಣೆಗಳಿಗೆ ಪ್ರಮಾಣಪತ್ರ ಕೊಡುವುದನ್ನು ಸರಕಾರ ನಿಲ್ಲಿಸಿತು. ಆಗಲೇ ಅನುಮತಿ ಪಡೆದಿದ್ದ ಸುಮಾರು 80,000 ನಿವೇಶನಗಳಿಗೆ ಅಡ್ಡಿಯಾಗಲಿಲ್ಲ. ಫೀನಿಕ್ಸ್‌ಗೆ ನದಿ ನೀರೂ ಇದೆ. ಪೆಟ್ಟು ಬಿದ್ದದ್ದು ಬಕೈ, ಕ್ವೀನ್ ಕ್ರೀಕ್‌ನಂಥ ಹೊರವಲಯದ ಊರುಗಳಿಗೆ, ಅಂದರೆ ಕೈಗೆಟಕುವ ಬೆಲೆಯ ಮನೆ ಹುಡುಕಿ ಜನ ಹೋಗುವ ಕಡೆಗೆ. ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ.

ಬಾವಿ ಬತ್ತುವ ಮೊದಲೇ ಸತ್ಯ ನುಡಿದ ತಜ್ಞರನ್ನು ಮೆಚ್ಚಲೇಬೇಕು. ಆದರೆ ಕಾಯಿದೆಯಲ್ಲಿ ಕಿಂಡಿಯೊಂದಿದೆ: ಆರಕ್ಕಿಂತ ಕಡಿಮೆ ನಿವೇಶನಗಳಿದ್ದರೆ ನೂರು ವರ್ಷದ ಲೆಕ್ಕ ಬೇಕಿಲ್ಲ. ಹೀಗೆ ಬೆಳೆದ ರಿಯೋ ವರ್ಡೆ ಫೂಟ್‌ಹಿಲ್ಸ್‌ಗೆ ನೆರೆಯ ಸ್ಕಾಟ್ಸ್‌ಡೇಲ್ ನಗರ 2023ರ ಜನವರಿ 1ರಂದು ಟ್ಯಾಂಕರ್ ನೀರು ನಿಲ್ಲಿಸಿತು. ಪಾತ್ರೆ ತೊಳೆಯುವ ನೀರು ಉಳಿಸಲು ಅಲ್ಲಿನವರು ಕಾಗದದ ತಟ್ಟೆಯಲ್ಲಿ ಉಂಡರು, ಮಳೆನೀರು ಹಿಡಿದಿಟ್ಟರು.