ಬಲ್ಬಿಗೆ ಪಾಸ್‌ವರ್ಡ್ ಯಾಕೆ ಸ್ವಾಮಿ?

ಸ್ವಂತ ಮನೆ ಕಟ್ಟಿಸುವವರ ನಡುವೆ ಈಗ ಹೊಸದೊಂದು ಮೂಢನಂಬಿಕೆ ಹಬ್ಬಿದೆ. ವಾಸ್ತು ಅಲ್ಲ, ಅದು ಹಳೇದು. "ಈಗೆಲ್ಲ ವೈರ್‌ಲೆಸ್ ಬಂದಿದೆ ಬಿಡಿ ಸರ್, ಲೈಟ್ ಆಟೊಮೇಶನ್‌ಗೆ ಅಂತ ಬೇರೆ ವೈರ್ ಯಾಕೆ ಎಳೆಸ್ತೀರಾ?" ಅನ್ನೋದು. ಆರ್ಕಿಟೆಕ್ಟೂ ಇದನ್ನೇ ಹೇಳ್ತಾರೆ, ಆಫೀಸಿನ ಪಕ್ಕದ ಸೀಟಿನವರೂ ಇದನ್ನೇ ಹೇಳ್ತಾರೆ. ಬಾಡಿಗೆ ಮನೆಯಲ್ಲಿ ಇರೋರಿಗೆ ಈ ಮಾತು ಸರಿ. ಬಲ್ಬ್ ಬಿಚ್ಚಿಕೊಂಡು ಮುಂದಿನ ಮನೆಗೆ ಹೊರಡಬಹುದು. ಆದರೆ ಇಪ್ಪತ್ತು ವರ್ಷದ ಇಎಂಐ ಹೊತ್ತು, ಗೋಡೆ ಇನ್ನೂ ಗಾರೆ ಕಾಣದೆ ಬೆತ್ತಲೆ ನಿಂತಿರುವಾಗ ಇದೇ ಮಾತು ಕೇಳಿ ತಲೆ ಆಡಿಸುತ್ತೀರಲ್ಲ, ಅದಕ್ಕೇನನ್ನೋಣ?

ಮೊದಲು ಸ್ಮಾರ್ಟ್ ಬಲ್ಬಿನ ಸಂಸಾರ ನೋಡಿ. ಅದಕ್ಕೆ ಸದಾ ಕರೆಂಟ್ ಇರಬೇಕು. ಊರಿಂದ ಬಂದ ಅಮ್ಮ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬ್ ಆ್ಯಪಿನಿಂದಲೇ ಮಾಯ. ಹಾಗಾಗಿ ಸ್ವಿಚ್ಚಿನ ಮೇಲೊಂದು ಟೇಪ್ ಅಂಟಿಸಿ "ಮುಟ್ಟಬೇಡಿ" ಅಂತ ಬರೆದಿರುತ್ತಾರೆ. ಕೋಟಿ ಸುರಿದು ಕಟ್ಟಿದ ಮನೆಯಲ್ಲಿ ಲೈಟ್ ಸ್ವಿಚ್ ಮುಟ್ಟಬಾರದಂತೆ! ಬಾತ್‌ರೂಮಿಗೆ ಹೋಗೋಕೆ ಅಪ್ಪ ಫೋನ್ ಹುಡುಕಬೇಕಂತೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಇದು ಬರೀ ಅನುಕೂಲದ ಪ್ರಶ್ನೆಯೂ ಅಲ್ಲ. ನಿಮ್ಮ ಹಾಲಿನ ದೀಪ ಯಾರ ಕೈಯಲ್ಲಿದೆ ಅನ್ನೋದು ಪ್ರಶ್ನೆ. ಗೂಗಲ್ ಒಡೆತನದ ನೆಸ್ಟ್ ಕಂಪನಿ 2014ರಲ್ಲಿ ರಿವಾಲ್ವ್ ಎಂಬ ಹೋಮ್ ಹಬ್ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ಸುಮಾರು 300 ಡಾಲರ್ ಕೊಟ್ಟು ತಂದಿದ್ದ ಡಬ್ಬಿಗಳು ಕೆಟ್ಟಿರಲಿಲ್ಲ, ಆದರೂ ಸತ್ತವು. 2022ರ ಏಪ್ರಿಲ್‌ನಲ್ಲಿ ಅಮೆರಿಕದ್ದೇ ಇನ್‌ಸ್ಟಿಯಾನ್ ಕಂಪನಿ ಒಂದು ಮಾತೂ ಹೇಳದೆ ಸರ್ವರ್ ಬಂದ್ ಮಾಡಿತು. ಕೊನೆಗೆ ಅದರ ಬಳಕೆದಾರರೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಉಳಿಸಿಕೊಂಡರು. ದೀಪ ಹಚ್ಚೋಕೆ ಕಂಪನಿ ಕೊಳ್ಳುವಷ್ಟು ದುಡ್ಡು ನಿಮ್ಮ ಹತ್ತಿರ ಇದ್ದರೆ ಮುಂದೆ ಓದಬೇಡಿ.

ಇನ್ನು ತಂತಿ. ಕೆಎನ್‌ಎಕ್ಸ್ ಎಂಬ ವ್ಯವಸ್ಥೆ ಇದೆ. 1990ರ ದಶಕದ ಯುರೋಪಿನ ಇಐಬಿಯಿಂದ ಬೆಳೆದು ಬಂದದ್ದು, ಈಗ ಅಂತಾರಾಷ್ಟ್ರೀಯ ಮಾನಕ. 500ಕ್ಕೂ ಹೆಚ್ಚು ಕಂಪನಿಗಳು ಅದಕ್ಕೆ ಸಾಮಾನು ತಯಾರಿಸುತ್ತವೆ. ಒಂದು ಕಂಪನಿ ಮುಚ್ಚಿದರೆ ಇನ್ನೊಂದರ ಸ್ವಿಚ್ ತಂದು ಅದೇ ತಂತಿಗೆ ಸಿಕ್ಕಿಸಬಹುದು. ಹಸಿರು ಹೊದಿಕೆಯ ತೆಳ್ಳನೆ ಕೇಬಲ್, ಅದರಲ್ಲಿ ಸುಮಾರು 30 ವೋಲ್ಟ್ ಡಿಸಿ. ವೇಗ ಸೆಕೆಂಡಿಗೆ 9600 ಬಿಟ್. "ಅಷ್ಟು ಸ್ಲೋನಾ?" ಅಂತ ಮೂಗು ಮುರಿಯೋ ಸಾಫ್ಟ್‌ವೇರ್ ಗೆಳೆಯರೇ, "ಲೈಟ್ ಹಾಕು" ಅನ್ನೋಕೆ ಫೈಬರ್ ಬೇಕಾ? ಇದಕ್ಕೆ ಕೇಂದ್ರದಲ್ಲೊಂದು ಮಿದುಳು ಕೂಡ ಬೇಕಿಲ್ಲ. ಪ್ರತಿ ಸ್ವಿಚ್ಚೂ ತನ್ನ ಕೆಲಸವನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಇಂಟರ್ನೆಟ್ ಹೋದರೂ ರೂಟರ್ ಸುಟ್ಟರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ದುಬಾರಿ, ಹೌದು. ಇಲ್ಲಿ ನಾನು ಮಾರಾಟಗಾರರ ಪರ ಇಲ್ಲ. ಅವರು ಕೊಡುವ ಕೊಟೇಶನ್‌ನಲ್ಲಿ ಪರದೆ ಎಳೆಯೋ ಮೋಟರಿಂದ ಹಿಡಿದು ಗೋಡೆಯ ಟಚ್ ಸ್ಕ್ರೀನ್‌ವರೆಗೂ ತುಂಬಿರುತ್ತೆ. ಅದನ್ನು ನೋಡಿ ಹೆದರಿ ಜನ ವೈ-ಫೈ ಬಲ್ಬಿಗೆ ಓಡುತ್ತಾರೆ. ಎರಡನ್ನೂ ಬಿಡಿ. ಸಾಧನ ಯಾವಾಗ ಬೇಕಾದರೂ ಬರಬಹುದು, ವೈರ್‌ಗೆ ಮಾತ್ರ ಒಂದೇ ಮುಹೂರ್ತ. ಮೋಲ್ಡ್ ಹಾಕುವ ಮುಂಚೆ ಪೈಪ್ ಇಡಬೇಕು, ಗಾರೆಗೆ ಮುಂಚೆ ಗೋಡೆ ಕೊರೆಯಬೇಕು. ಆಮೇಲೆ ಕೊರೆಯುವುದೆಂದರೆ ಬಣ್ಣ, ಪುಟ್ಟಿ, ಧೂಳು, ಹೆಂಡತಿಯ ಮೌನ ಎಲ್ಲಕ್ಕೂ ಬೆಲೆ ಕಟ್ಟಿ.

ನಮ್ಮಲ್ಲಿ ಸಾಮಾನ್ಯವಾಗಿ ಡಿಬಿಯಿಂದ ರೂಮಿನ ಸ್ವಿಚ್ ಬೋರ್ಡಿಗೆ ಲೈನ್ ಬರುತ್ತೆ, ಅಲ್ಲಿಂದ ಬಲ್ಬಿಗೆ ಹೋಗುತ್ತೆ. ನೀವು ಹೇಳಬೇಕಾದ್ದು ಇಷ್ಟೇ: ಪ್ರತಿ ಲೈಟ್ ಸರ್ಕ್ಯೂಟಿನ ಫೇಸೂ ನ್ಯೂಟ್ರಲ್ಲೂ ನೇರ ಡಿಬಿಗೇ ಬರಲಿ, ಸ್ವಿಚ್ ಜಾಗಗಳಿಗೆಲ್ಲ ಬೇರೆ ಪೈಪಿನಲ್ಲಿ ತೆಳು ಕೇಬಲ್ ಹೋಗಲಿ. ತಾಮ್ರ ಜಾಸ್ತಿ ಬೇಕು, ಡಿಬಿ ದೊಡ್ಡದು ಬೇಕು, ಎಲೆಕ್ಟ್ರಿಷಿಯನ್ ಗೊಣಗುತ್ತಾನೆ. ಗೊಣಗಲಿ. ಯಾವ ಲೈಟ್ ಯುಪಿಎಸ್ ಮೇಲಿರಬೇಕು ಅನ್ನೋದನ್ನೂ ಮುಂದೆ ಡಿಬಿಯಲ್ಲೇ ಬದಲಾಯಿಸಬಹುದು. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಕೆಎನ್‌ಎಕ್ಸ್‌ಗೆ ಈಗ ದುಡ್ಡಿಲ್ಲವಾ? ಡಿಬಿಯಲ್ಲಿ ಇಂಪಲ್ಸ್ ರಿಲೇ ಹಾಕಿ, ಗೋಡೆಗೆ ಕಾಲಿಂಗ್ ಬೆಲ್ ಥರದ ಒತ್ತುಗುಂಡಿ. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಮೆಟ್ಟಿಲಿಗೆ ಎರಡಲ್ಲ, ಐದು ಕಡೆ ಬೇಕಾದರೂ ಗುಂಡಿ ಇಡಬಹುದು. ಸಾಫ್ಟ್‌ವೇರ್ ಇಲ್ಲ, ಅಪ್‌ಡೇಟ್ ಇಲ್ಲ. ಐದು ವರ್ಷ ಬಿಟ್ಟು ಬೋನಸ್ ಬಂದಾಗ ರಿಲೇ ತೆಗೆದು ಆಟೊಮೇಶನ್ ಸಾಧನ ಕೂರಿಸಿ, ಗೋಡೆ ಮುಟ್ಟುವ ಹಾಗಿಲ್ಲ. ಡಿಮ್ಮಿಂಗ್ ಬೇಕೆನಿಸುವ ಹಾಲ್, ಬೆಡ್‌ರೂಮ್ ಲೈಟುಗಳಿಗೆ ಮಾತ್ರ ಇನ್ನೆರಡು ತಂತಿ ಜಾಸ್ತಿ ಎಳೆಸಿಡಿ. ಡಾಲಿ ಎಂಬ ಮಾನಕಕ್ಕೆ ಆ ಎರಡು ತಂತಿ ಸಾಕು, ಒಂದು ಲೈನಿನಲ್ಲಿ 64 ಲೈಟ್ ಡ್ರೈವರ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡಬಹುದು.

ತಂತಿ ಎಳೆಸಿದವರನ್ನೂ ಸುಲಿಯುವವರಿದ್ದಾರೆ. ಕೆಎನ್‌ಎಕ್ಸ್ ಪ್ರೋಗ್ರಾಂ ಮಾಡಲು ಇಟಿಎಸ್ ಎಂಬ ಸಾಫ್ಟ್‌ವೇರ್ ಬೇಕು. ಮನೆಯ ಪೂರ್ತಿ ಜಾತಕ ಅದರ ಪ್ರಾಜೆಕ್ಟ್ ಫೈಲಿನಲ್ಲಿರುತ್ತೆ. ಕೆಲವು ಗುತ್ತಿಗೆದಾರರು ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು, ಒಂದು ಗುಂಡಿ ಬದಲಾಯಿಸೋಕೂ ವಿಸಿಟ್ ಚಾರ್ಜ್ ಕೇಳುತ್ತಾರೆ. ಅವರು ಫೋನ್ ಎತ್ತದಿದ್ದರೆ ಹೊಸಬ ಬಂದು ಮೊದಲಿಂದ ಶುರು ಮಾಡಬೇಕು. ಆ ಫೈಲ್, ಅದರ ಪಾಸ್‌ವರ್ಡ್, ಡಿಬಿಯ ನಕ್ಷೆ ಮೂರನ್ನೂ ಒಪ್ಪಂದದಲ್ಲೇ ಬರೆಸಿ. ಗಾರೆ ಬೀಳುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಫೈಲ್ ಕೊಡದೆ "ನಾವಿದ್ದೀವಲ್ಲ ಸರ್" ಅಂದರೆ, ಕೊನೇ ಕಂತು ನಿಮ್ಮ ಜೇಬಿನಲ್ಲೇ ಇರಲಿ.